ಜೊಲ್ಲು ಬತ್ತಿದ ಬಾಯಿ

ವಯಸ್ಸಾದ ಮೇಲೆ ಹಲ್ಲು ಬೀಳದೆ ಇರುತ್ತದೆಯೇ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಕೂದಲು ನರೆಯುವ ಸಾಲಿಗೇ ಹಲ್ಲನ್ನೂ ಸೇರಿಸಿಬಿಟ್ಟಿದ್ದೇವೆ. ನಿಜಕ್ಕೂ ಮುದಿತನದಲ್ಲಿ ಹಲ್ಲು ಕೆಡುವುದಕ್ಕೆ ಹುಳುಕು, ವಸಡಿನ ಕಾಯಿಲೆ, ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಇವೆಲ್ಲ ಕಾರಣ. ವಯಸ್ಸು ಇವಕ್ಕೆಲ್ಲ ಸಮಯ ಒದಗಿಸಿಕೊಡುತ್ತದೆ, ಅಷ್ಟೆ. ಈ ಪಟ್ಟಿಯಲ್ಲಿ ಮನೆಯವರ ಗಮನಕ್ಕೆ ಬಾರದೇ ಉಳಿಯುವ ಇನ್ನೊಂದಿದೆ. ಅದು ಜೊಲ್ಲು ಕಡಿಮೆಯಾಗುವುದು.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿಯುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಗೆಯ ಅಡಿ ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳು, ತುಟಿ ಕೆನ್ನೆ ಅಂಗುಳಿನ ತುಂಬ ನೂರಾರು ಪುಟಾಣಿ ಗ್ರಂಥಿಗಳು ಇದಕ್ಕಾಗಿ ದುಡಿಯುತ್ತವೆ. ನಾವು ಏನಾದರೂ ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿಗಂಟಿದ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಳತೆ ಪಿಎಚ್. ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಗಿನ ಗಟ್ಟಿ ಹೊದಿಕೆಯಾದ ಎನಾಮಲ್ ಕರಗತೊಡಗುತ್ತದೆ. ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ಆ ಆಮ್ಲವನ್ನು ತಣಿಸುತ್ತದೆ. ಅದರಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಕರಗಿದ ಜಾಗಕ್ಕೆ ಮತ್ತೆ ಸೇರಿಕೊಳ್ಳುತ್ತವೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಎಲ್ಲ ಮೊದಲಿನಂತೆ. ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತೇಹೋಗುತ್ತದೆ. ಮಲಗುವ ಮುನ್ನ ಹಲ್ಲುಜ್ಜಿ ಎಂದು ದಂತವೈದ್ಯರು ಬಡಕೊಳ್ಳುವುದು ಇದಕ್ಕೇ.

ಬರೀ ವಯಸ್ಸಾಯಿತೆಂದು ಈ ಒರತೆ ಪೂರ್ತಿ ಬತ್ತುವುದಿಲ್ಲ. ಬತ್ತಿಸುವುದು ಹೆಚ್ಚಾಗಿ ಮಾತ್ರೆಗಳು. ಜೊಲ್ಲು ಸುರಿಸು ಎಂಬ ಆದೇಶವನ್ನು ನರಗಳು ಗ್ರಂಥಿಗಳಿಗೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಮೂಲಕ ತಲುಪಿಸುತ್ತವೆ. ನೆಗಡಿ, ಅಲರ್ಜಿಗೆ ಕೊಡುವ ಹಳೆಯ ಮಾತ್ರೆಗಳು, ನರದ ನೋವಿಗೂ ನಿದ್ದೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ಆ ಆದೇಶವನ್ನೇ ಅಡ್ಡಗಟ್ಟುತ್ತವೆ. ರಕ್ತದೊತ್ತಡಕ್ಕೆಂದು ನೀರಿಳಿಸುವ ಮಾತ್ರೆ ನುಂಗುವವರಿಗೂ ಬಾಯಿ ಒಣಗಬಹುದು. ಮಾತ್ರೆಗಳ ಸಂಖ್ಯೆ ಏರಿದಷ್ಟೂ ತೊಂದರೆಯ ಸಾಧ್ಯತೆಯೂ ಏರುತ್ತದೆ, ಮತ್ತು ಎಪ್ಪತ್ತರ ನಂತರ ಒಂದೇ ಮಾತ್ರೆಯಲ್ಲಿ ದಿನ ಕಳೆಯುವ ಅದೃಷ್ಟವಂತರು ಎಷ್ಟು ಜನ?

ಬಾಯಿ ಒಣಗಿತೆಂದು ಅಜ್ಜ ಏನು ಮಾಡುತ್ತಾರೆ? ಜೇಬಿನಲ್ಲಿ ಪೆಪ್ಪರ್‌ಮೆಂಟು, ಡಬ್ಬಿಯಲ್ಲಿ ಕಲ್ಲುಸಕ್ಕರೆ, ಗಂಟೆಗೊಮ್ಮೆ ಎರಡು ಗುಟುಕು ಸಿಹಿ ಚಹಾ. ಆಮ್ಲವನ್ನು ತೊಳೆಯಲು ಜೊಲ್ಲೇ ಇಲ್ಲದ ಬಾಯಿಗೆ ದಿನವಿಡೀ ಸಕ್ಕರೆ ಸರಬರಾಜು! ಅದೂ ಎನಾಮಲ್ಲಿನ ಮೇಲಲ್ಲ. ವರ್ಷಗಳು ಕಳೆದಂತೆ ವಸಡು ಸರಿದು ಹಲ್ಲಿನ ಬೇರು ಬಯಲಾಗಿರುತ್ತದೆ. ಬೇರಿಗೆ ಎನಾಮಲ್ ಹೊದಿಕೆಯಿಲ್ಲ. ಸಿಮೆಂಟಮ್ ಎಂಬ ತೆಳುವಾದ ಪದರ, ಅದರಡಿ ಹಲ್ಲಿನ ಒಳಮೈಯಾದ ಡೆಂಟಿನ್. ಇವು ಪಿಎಚ್ 6ಕ್ಕೆ ಇಳಿಯುವ ಮೊದಲೇ ಕರಗತೊಡಗುತ್ತವೆ. ಎನಾಮಲ್ಲಿಗೆ ಏನೂ ಆಗದಂಥ ಸೌಮ್ಯ ಹುಳಿಯೂ ಬೇರಿಗೆ ಸಾಕು. ಹೀಗೆ ವಸಡಿನ ಅಂಚಿನಲ್ಲಿ ಹುಟ್ಟುವ ಹುಳುಕು ಹಲ್ಲನ್ನು ಸುತ್ತುಹಾಕಿಕೊಂಡು ಹೋಗುತ್ತದೆ. ಒಂದು ದಿನ ರೊಟ್ಟಿ ಕಡಿದಾಗ ಹಲ್ಲು ಬುಡದಲ್ಲೇ ಮುರಿಯುತ್ತದೆ.

ಅಷ್ಟರವರೆಗೂ ನೋವಿರುವುದಿಲ್ಲ. ಹಲ್ಲು ಬದುಕಿರುವಷ್ಟು ಕಾಲವೂ ಒಳಗಿನಿಂದ ಡೆಂಟಿನ್ ಕಟ್ಟಿಕೊಳ್ಳುತ್ತಲೇ ಇರುತ್ತದೆ, ನರವಿರುವ ಕೋಣೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ. ಇಪ್ಪತ್ತರ ಹುಡುಗನನ್ನು ರಾತ್ರಿಯಿಡೀ ಕೂರಿಸುವಂಥ ಹುಳುಕು ಎಂಬತ್ತರ ಅಜ್ಜಿಗೆ ತಿಳಿಯುವುದೇ ಇಲ್ಲ. ನೋವಾದರೆ ಹೇಳುತ್ತಾರೆ ಬಿಡಿ ಎಂದು ಕಾಯುವುದು ಈ ವಯಸ್ಸಿನಲ್ಲಿ ಕೆಲಸಕ್ಕೆ ಬಾರದ ನೀತಿ.

ಹಲ್ಲಿನ ಮಾತು ಹಾಗಿರಲಿ, ಜೊಲ್ಲಿಲ್ಲದೆ ಊಟವೇ ಇಳಿಯುವುದಿಲ್ಲ. ಮುದ್ದೆಯನ್ನು ಅಗಿಯುವಂತಿಲ್ಲ, ನುಂಗಬೇಕು. ಹಾಗಾಗಿ ಹಲ್ಲಿಲ್ಲದವರಿಗೆ ಅದು ಹೇಳಿ ಮಾಡಿಸಿದ ಊಟ ಎನ್ನುವುದುಂಟು. ಆದರೆ ಜಾರುವುದಕ್ಕೆ ಜೊಲ್ಲಿನ ಅಂಟು ಬೇಕು. ಒಣಬಾಯಿಯವರಿಗೆ ಸಾರು ಎಷ್ಟು ಸುರಿದರೂ ಗಂಟಲಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಹಲ್ಲುಸೆಟ್ಟಿನ ಕಥೆಯೂ ಅದೇ. ಸೆಟ್ಟು ವಸಡಿನ ಮೇಲೆ ಕೂರುವುದು ತೆಳುವಾದ ಜೊಲ್ಲಿನ ಪದರದ ಹಿಡಿತದಿಂದ. ‘ಸೆಟ್ಟು ಸಡಿಲ, ಒತ್ತುತ್ತದೆ’ ಎಂದು ಡಬ್ಬಿಗೆ ಹಾಕಿಟ್ಟವರಲ್ಲಿ ಕೆಲವರ ಮಟ್ಟಿಗಾದರೂ ತಪ್ಪು ಸೆಟ್ಟಿನದಲ್ಲ.

ಜಪಾನ್ 1989ರಲ್ಲಿ ‘8020’ ಎಂಬ ಆಂದೋಲನ ಶುರುಮಾಡಿತು. ಎಂಬತ್ತು ವಯಸ್ಸಿಗೆ ಇಪ್ಪತ್ತು ಸ್ವಂತ ಹಲ್ಲು ಎಂಬುದು ಗುರಿ. ಆಗ ಹಾಗಿದ್ದವರು ಹತ್ತಕ್ಕೆ ಒಬ್ಬರೂ ಇರಲಿಲ್ಲ. 2016ರ ಸಮೀಕ್ಷೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಂದಿ ಗುರಿ ಮುಟ್ಟಿದ್ದರು. ಆದರೆ ಹಲ್ಲು ಉಳಿದ ಮೇಲೆ ಅದನ್ನು ನೋಡಿಕೊಳ್ಳುವ ಕೆಲಸವೂ ಉಳಿಯಿತು. ಕೈ ನಡುಗುವ, ಮರೆವು ಹಿಡಿದ, ಹಾಸಿಗೆ ಹಿಡಿದ ಹಿರಿಯರ ಹಲ್ಲನ್ನು ಯಾರು ಉಜ್ಜಬೇಕು? ಇದು ಬರೀ ಹಲ್ಲಿನ ಪ್ರಶ್ನೆಯಲ್ಲ. ಬಾಯೊಳಗಿನ ಕೊಳೆ ನಿದ್ದೆಯಲ್ಲಿ ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಬರಬಹುದು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಎರಡು ವರ್ಷ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರೈಕೆದಾರರು ಊಟದ ನಂತರ ಬಾಯಿ ಶುಚಿ ಮಾಡಿದ ಗುಂಪಿನಲ್ಲಿ ಶೇ 11 ಮಂದಿಗೆ ನ್ಯುಮೋನಿಯಾ ಬಂತು; ಹಾಗೆ ಮಾಡದ ಗುಂಪಿನಲ್ಲಿ ಶೇ 19 ಮಂದಿಗೆ. ಖರ್ಚು ಒಂದು ಬ್ರಷ್ಷಿನದು. ನಮ್ಮಲ್ಲಿ ಹಾಸಿಗೆ ಹಿಡಿದವರಿಗೆ ಮೈ ಒರೆಸಿ, ಬಟ್ಟೆ ಬದಲಿಸಿ, ಬಾಯಿಯನ್ನು ಮಾತ್ರ ಮುಕ್ಕಳಿಸುವ ನೀರಿಗೆ ಬಿಟ್ಟುಬಿಡುವ ಮನೆಗಳೇ ಹೆಚ್ಚು.

ಮಾಡಬಹುದಾದದ್ದು ಕಷ್ಟದ್ದೇನಲ್ಲ. ಬಾಯಿ ಒಣಗುತ್ತದೆ ಎಂದರೆ ಮಾತ್ರೆಗಳ ಚೀಟಿಯನ್ನು ವೈದ್ಯರಿಗೆ ತೋರಿಸಿ ಬದಲಿ ಇದೆಯೇ ಎಂದು ಕೇಳಬೇಕು, ತಾವಾಗಿ ನಿಲ್ಲಿಸುವಂತಿಲ್ಲ. ಪೆಪ್ಪರ್‌ಮೆಂಟಿನ ಜಾಗಕ್ಕೆ ಆಗಾಗ ಗುಟುಕು ನೀರು, ಅಗಿಯಬಲ್ಲವರಿಗೆ ಸಕ್ಕರೆಯಿಲ್ಲದ ಗಮ್. ಹಲ್ಲುಪುಡಿ, ಬೂದಿ ಬಿಟ್ಟು ಫ್ಲೋರೈಡ್ ಪೇಸ್ಟು. ಬೇರಿನ ಹುಳುಕು ಹೆಚ್ಚಿದವರಿಗೆ ಮಾಮೂಲಿಗಿಂತ ಹೆಚ್ಚು ಫ್ಲೋರೈಡ್ ಇರುವ ಪೇಸ್ಟನ್ನು ದಂತವೈದ್ಯರು ಬರೆದುಕೊಡುತ್ತಾರೆ. ರಾತ್ರಿ ಸೆಟ್ಟು ತೆಗೆದು, ಉಜ್ಜಿ, ನೀರಲ್ಲಿಡಬೇಕು. ಇಲ್ಲದಿದ್ದರೆ ಅದರಡಿ ಶಿಲೀಂಧ್ರ ಬೆಳೆದು ಅಂಗುಳು ಕೆಂಪಾಗುತ್ತದೆ. ಕೊರೆಯುವ ಯಂತ್ರದ ಸದ್ದಿಗೇ ಹೆದರುವವರಿಗೆ ಇನ್ನೊಂದು ದಾರಿ ಇದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರಾವಣವನ್ನು ಹುಳುಕಿಗೆ ಹಚ್ಚಿದರೆ, ಕೊರೆಯದೆ, ಚುಚ್ಚದೆ, ಹಲವು ಸಂದರ್ಭಗಳಲ್ಲಿ ಹುಳುಕು ಅಲ್ಲಿಗೇ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದೊಂದು ಕುಂದು. ದವಡೆ ಹಲ್ಲಿನ ಬುಡದಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.