ಬೇವಿನ ಗಿಡದ ಕೆಳಗೆ ನಿಂತ ಕಾರು

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ದಾರಿಯಲ್ಲಿ, ಭೀಮಾ ಸೇತುವೆಗೆ ಸ್ವಲ್ಪ ಮುಂಚೆ, ಒಂದು ದೊಡ್ಡ ಬೇವಿನ ಗಿಡ ಇದೆ. ಅದರ ಬುಡದಲ್ಲಿ ಯಾವಾಗ ನೋಡಿದರೂ ಒಣಗಿದ ಲಿಂಬೆಹಣ್ಣು, ಮೆಣಸಿನಕಾಯಿ ಬಿದ್ದಿರುತ್ತವೆ. ಅಲ್ಲಿ ಗಾಡಿಗಳು ತಾವಾಗಿಯೇ ನಿಲ್ಲುತ್ತವಂತೆ. ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮ ಹಳೆಯ ಪೆಟ್ರೋಲ್ ಕಾರೂ ಅಲ್ಲೇ ನಿಂತಿತು. ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿ ತಿರುಗುತ್ತಿತ್ತು, ಆದರೆ ಸ್ಟಾರ್ಟ್ ಆಗುತ್ತಿರಲಿಲ್ಲ.

ಪಕ್ಕದ ಹೊಲದ ಕಾಕಾ ಬಂದರು. ‘ತಮ್ಮಾ, ಗಾಡಿಗಿ ನದರ ಆಗ್ಯಾದ. ಒಂದು ಲಿಂಬಿಕಾಯಿ ಇಳಿಸಿ ಒಗಿ’ ಅಂದರು. ಹುಡುಗನೊಬ್ಬ ಊರಿಗೆ ಹೋಗಿ ಲಿಂಬೆಹಣ್ಣು ತರುವಷ್ಟರಲ್ಲಿ 40 ನಿಮಿಷ ಆಯಿತು. ಇಳಿಸಿದೆವು, ಒಗೆದೆವು. ಒಂದೇ ಸೆಲ್ಫ್‌ಗೆ ಕಾರು ಸ್ಟಾರ್ಟ್ ಆಯಿತು!

ಕಣ್ಣಾರೆ ಕಂಡಿದ್ದನ್ನು ಜನ ನಂಬುವುದು ಸಹಜ, ಅಲ್ವಾ? ಕಾಕಾ ಮನಸಾರೆ ಸಹಾಯ ಮಾಡಿದರು. ಆದರೆ ಆ 40 ನಿಮಿಷದಲ್ಲಿ ಲಿಂಬೆಹಣ್ಣಿನ ಜೊತೆಗೆ ಇನ್ನೊಂದು ಕೆಲಸವೂ ನಡೆದಿತ್ತು. ಬಾನೆಟ್ ತೆರೆದೇ ಇತ್ತು, ಎಂಜಿನ್ ತಣ್ಣಗಾಗುತ್ತಿತ್ತು.

ಎಂಜಿನ್ ಜೋರಾಗಿ ತಿರುಗುತ್ತಿದೆ ಅಂದರೆ ಬ್ಯಾಟರಿ, ಸ್ಟಾರ್ಟರ್ ಮೋಟಾರ್ ಎರಡೂ ಸರಿಯಿವೆ. ಆದರೂ ನಮ್ಮಲ್ಲಿ ಮೊದಲು ಬದಲಾಗುವುದು ಬ್ಯಾಟರಿಯೇ. ಇನ್ನು ಉಳಿದಿದ್ದು ಎರಡು: ಪೆಟ್ರೋಲ್ ಬರುತ್ತಿಲ್ಲ, ಇಲ್ಲವೇ ಕಿಡಿ ಬರುತ್ತಿಲ್ಲ. ಕೀಲಿ ತಿರುಗಿಸಿದಾಗ ಹಿಂದಿನ ಸೀಟಿನ ಕೆಳಗೆ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡ್ ಗುಂಯ್ ಅನ್ನುತ್ತಿತ್ತು. ಅಂದರೆ ಪಂಪಿಗೆ ಜೀವ ಇದೆ. ಹಿಂದಿನ ಕಾರ್ಬ್ಯುರೇಟರ್ ಕಾರುಗಳಲ್ಲಿ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗುತ್ತಿತ್ತು. ಡ್ರೈವರ್‌ಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಈಗಿನ ಕಾರುಗಳಲ್ಲಿ ಪೆಟ್ರೋಲನ್ನು ಒತ್ತಡದಲ್ಲೇ ಇಟ್ಟಿರುತ್ತಾರೆ. ಕುಕ್ಕರಿನೊಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದಲ್ಲ, ಹಾಗೆ. ಅದಕ್ಕೇ ಆ ಕಾಯಿಲೆ ಈಗ ಅಪರೂಪ.

ನನಗೆ ಸುಳಿವು ಕೊಟ್ಟಿದ್ದು ಎಂಜಿನ್ ವೇಗ ತೋರಿಸುವ ಮುಳ್ಳು. ಸೆಲ್ಫ್ ಹೊಡೆಯುವಾಗ ಅದು ಸ್ವಲ್ಪ ಮೇಲೇಳಬೇಕಿತ್ತು, ಆದರೆ ಸೊನ್ನೆಯಲ್ಲೇ ಬಿದ್ದಿತ್ತು. ಎಲ್ಲ ಕಾರುಗಳಲ್ಲೂ ಈ ಸುಳಿವು ಸಿಗುವುದಿಲ್ಲ, ನನ್ನ ಕಾರಿನಲ್ಲಿ ಸಿಕ್ಕಿತು. ಎಂಜಿನ್ ತಿರುಗುತ್ತಿದೆ, ಆದರೆ ತಿರುಗುತ್ತಿರುವುದು ಕಾರಿನ ಕಂಪ್ಯೂಟರಿಗೆ ಗೊತ್ತೇ ಆಗುತ್ತಿಲ್ಲ!

ಅದಕ್ಕೆ ಗೊತ್ತಾಗುವ ಬಗೆ ಬಹಳ ಚೆಂದ. 1831ರಲ್ಲಿ ಮೈಕೆಲ್ ಫ್ಯಾರಡೆ ತಂತಿಯ ಸುರುಳಿಯ ಹತ್ತಿರ ಅಯಸ್ಕಾಂತವನ್ನು ಆಡಿಸಿ ಕರೆಂಟ್ ಹುಟ್ಟಿಸಿದರು. ಬಡ ಕಮ್ಮಾರನ ಮಗ, ಬುಕ್ ಬೈಂಡಿಂಗ್ ಕಲಿಯಲು ಹೋದವರು, ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತವರು. ಅವರ ಆ ಪ್ರಯೋಗವೇ ಹೆಬ್ಬೆರಳಿನ ಗಾತ್ರದ ಕ್ರ್ಯಾಂಕ್ ಸೆನ್ಸರ್ ಆಗಿ ನನ್ನ ಕಾರಿನ ಎಂಜಿನ್ ಪಕ್ಕ ಕೂತಿದೆ. ಒಳಗೊಂದು ಪುಟ್ಟ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಎದುರಿಗೆ ಎಂಜಿನ್ ಜೊತೆಗೇ ಒಂದು ಹಲ್ಲಿನ ಚಕ್ರ ತಿರುಗುತ್ತದೆ. ಒಂದೊಂದು ಹಲ್ಲು ದಾಟಿದಾಗಲೂ ತಂತಿಯಲ್ಲಿ ಸಣ್ಣದೊಂದು ಕರೆಂಟಿನ ಮಿಡಿತ.

ಎಷ್ಟೋ ಕಾರುಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಹಲ್ಲು ಮಾತ್ರ ಇರುತ್ತವೆ. ಎರಡನ್ನು ಬೇಕಂತಲೇ ಬಿಟ್ಟಿರುತ್ತಾರೆ. ಜಪಮಾಲೆಯಲ್ಲಿ ಮೇರುಮಣಿ ಇರುತ್ತದಲ್ಲ? ಕಣ್ಣು ಮುಚ್ಚಿಕೊಂಡಿದ್ದರೂ ಸುತ್ತು ಮುಗಿದದ್ದು ಬೆರಳಿಗೆ ತಿಳಿಯುತ್ತದೆ. ದರ್ಗಾದಲ್ಲಿ ಕೂತವರ ತಸ್ಬೀಹ್‌ನಲ್ಲೂ ಅಂಥದೊಂದು ಉದ್ದನೆಯ ಮಣಿ ಇದೆ. ಹಾಗೆಯೇ ಆ ಖಾಲಿ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಅಂತ ಕಂಪ್ಯೂಟರಿಗೆ ತಿಳಿಯುತ್ತದೆ. ಭಜನೆಯಲ್ಲಿ ತಾಳ ಹಾಕುವವನು ಕೈ ನಿಲ್ಲಿಸಿದರೆ ಹಾಡುವವರೂ ನಿಂತುಬಿಡುತ್ತಾರೆ. ಇಲ್ಲೂ ಅಷ್ಟೇ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 2,900 ಮಿಡಿತ. ಆ ತಾಳ ತಪ್ಪಿತೋ, ನನ್ನ ಕಾರಿನ ಕಂಪ್ಯೂಟರ್ ಕಿಡಿಯನ್ನೂ ನಿಲ್ಲಿಸುತ್ತದೆ, ಪೆಟ್ರೋಲನ್ನೂ ನಿಲ್ಲಿಸುತ್ತದೆ.

ಸರಿ, ತಾಳ ಯಾಕೆ ತಪ್ಪಿತು? ಬೇಸಿಗೆಯಲ್ಲಿ ನಮ್ಮ ಎರೆಹೊಲ ನೋಡಿದ್ದೀರಲ್ಲ? ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಟ್ಟಿರುತ್ತದೆ. ಚೆನ್ನಾಗಿ ಮಳೆ ಬಿದ್ದು ಮಣ್ಣು ನೆನೆದರೆ ಬಿರುಕು ಎಲ್ಲಿತ್ತು ಅಂತ ತೋರಿಸಲೂ ಆಗುವುದಿಲ್ಲ. ಹೊಲದಲ್ಲಿ ಬಿರುಕನ್ನು ಮುಚ್ಚುವುದು ನೀರು, ಸೆನ್ಸರಿನಲ್ಲಿ ತಂಪು. ಒಂದು ಮೀಟರ್ ತಾಮ್ರದ ತಂತಿ 60 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 1 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಸುತ್ತಲಿನ ಪ್ಲಾಸ್ಟಿಕ್ ಇನ್ನೂ ಜಾಸ್ತಿ ಹಿಗ್ಗುತ್ತದೆ. ವರ್ಷಗಟ್ಟಲೆ ಬಿಸಿ, ತಂಪು, ಬಿಸಿ, ತಂಪು. ಹಿಗ್ಗುವ ಪ್ಲಾಸ್ಟಿಕ್ ಎಳೆದೆಳೆದು ಕೊನೆಗೊಂದು ದಿನ ತಂತಿ ಒಂದು ಕಡೆ ತುಂಡಾಗುತ್ತದೆ. ತಣ್ಣಗಿದ್ದಾಗ ಎರಡೂ ತುದಿ ಒಂದಕ್ಕೊಂದು ತಾಗಿರುತ್ತವೆ. ಬಿಸಿಯಾದಾಗ ಬಾಯಿ ಬಿಡುತ್ತವೆ.

ಇಲ್ಲೇ ನನಗೆ ಅತಿ ಹೆಚ್ಚು ಖುಷಿ ಕೊಡುವ ಸಂಗತಿ ಇದೆ. ಅದೇ ಎಂಜಿನ್ನಿನ ಸ್ಪಾರ್ಕ್ ಪ್ಲಗ್‌ಗೆ 20,000 ವೋಲ್ಟ್‌ಗೂ ಹೆಚ್ಚು ಒತ್ತಡದ ಕರೆಂಟ್ ಹೋಗಬಲ್ಲದು. ಅದು ಹೆಚ್ಚುಕಡಿಮೆ ಒಂದು ಮಿಲಿಮೀಟರ್ ಸಂದನ್ನು ಚಟ್ ಅಂತ ಜಿಗಿಯುತ್ತದೆ. ಆದರೆ ಸೆಲ್ಫ್ ಹೊಡೆದಾಗ ಸೆನ್ಸರಿನಲ್ಲಿ ಹುಟ್ಟುವ ಪುಟ್ಟ ಮಿಡಿತಕ್ಕೆ ಕೂದಲೆಳೆಯಷ್ಟು ಸಂದು ಕೂಡ ದೊಡ್ಡ ಕಂದಕ. ದಾಟಲು ಆಗುವುದೇ ಇಲ್ಲ.

ಹಾಗಾದರೆ ಅದೇ ಬೇವಿನ ಗಿಡ ಯಾಕೆ? ಹೆದ್ದಾರಿಯಲ್ಲಿ ಓಡುವಾಗ ಎಂಜಿನ್ನಿಗೆ ಗಾಳಿ ಬಡಿಯುತ್ತಿರುತ್ತದೆ. ಆ ಗಿಡದ ಹತ್ತಿರ ಉಬ್ಬುಗಳಿವೆ, ವೇಗ ತಗ್ಗುತ್ತದೆ, ಗಾಳಿ ನಿಲ್ಲುತ್ತದೆ. ಹೊರಗೆ 42 ಡಿಗ್ರಿ ಬಿಸಿಲು. ಬಾನೆಟ್ ಒಳಗಿನ ಬಿಸಿ ಅಲ್ಲೇ ಏರುತ್ತದೆ. ಮೇಲಾಗಿ ನೆರಳು ಇರುವುದೂ ಅಲ್ಲೇ, ಹಾಗಾಗಿ ಬೇರೆಯವರೂ ಅಲ್ಲೇ ಎಂಜಿನ್ ಬಂದ್ ಮಾಡುತ್ತಾರೆ. ಬಂದ್ ಮಾಡಿದ ಕೂಡಲೇ ಎಂಜಿನ್ ತಣ್ಣಗಾಗುತ್ತದೆ ಅನ್ನುವುದು ತಪ್ಪು. ಎಂಜಿನ್ನಿನ ನೀರಿನ ಓಟ ನಿಂತು, ಬಿಸಿ ಅಕ್ಕಪಕ್ಕದ ಭಾಗಗಳಿಗೆ ಹರಡುತ್ತದೆ. ಮೊದಲ ಹತ್ತು ನಿಮಿಷ ಸೆನ್ಸರ್ ಇನ್ನೂ ಬಿಸಿಯಾಗುತ್ತದೆ. ಅದಕ್ಕೇ ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಪ್ರಯೋಜನವಿಲ್ಲ, ಲಿಂಬೆಹಣ್ಣು ಬಂದ ಮೇಲೆ ಹೊಡೆದರೆ ಆಗುತ್ತದೆ. ನಿಲ್ಲದೆ ಹೋದ ಸಾವಿರ ಗಾಡಿಗಳನ್ನು ಯಾರೂ ಎಣಿಸಿಲ್ಲ.

ಎರಡನೇ ಸಲ ಕಾರು ನಿಂತಾಗ ಲಿಂಬೆಹಣ್ಣು ತರಿಸಲಿಲ್ಲ. ಬಾನೆಟ್ ತೆರೆದು ಸುಮ್ನೆ ಕೂತೆ. ಸುಮಾರು ಅಷ್ಟೇ ಹೊತ್ತಿಗೆ ಸ್ಟಾರ್ಟ್ ಆಯಿತು. ಮೂರನೇ ಸಲ ಕಾಯಲೂ ಇಲ್ಲ. ಬಾಟಲಿಯ ತಣ್ಣೀರನ್ನು ಸೆನ್ಸರಿನ ಮೇಲೆ ಮಾತ್ರ ನಿಧಾನವಾಗಿ ಹನಿಸಿದೆ. ಐದೇ ನಿಮಿಷ, ಎಂಜಿನ್ ಹತ್ತಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು, ಆಗ ಕಾರಣ ತಾನಾಗಿಯೇ ಹೊರಗೆ ಬರುತ್ತದೆ.

ಇದಕ್ಕೂ ಮೊದಲು ಗ್ಯಾರೇಜಿನ ಮಿಸ್ತ್ರಿ ಅದೇ ಸೆನ್ಸರನ್ನು, ತಂತಿ ಕೂಡಿದೆಯೋ ಇಲ್ಲವೋ ತೋರಿಸುವ ಮೀಟರ್ ಹಿಡಿದು ನೋಡಿ ‘ಚಲೋ ಅದರಿ’ ಅಂದಿದ್ದರು. ಅವರ ತಪ್ಪೇನಿಲ್ಲ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ಅದು ತಣ್ಣಗಾಗಿರುತ್ತಿತ್ತು. ದವಾಖಾನೆ ಮುಟ್ಟುವಷ್ಟರಲ್ಲಿ ಜ್ವರ ಇಳಿದಂತೆ.

ಹೊಸದು ಹಾಕಿಸಿ ಹಳೆಯದನ್ನು ಇಟ್ಟುಕೊಂಡೆ. ಮುಂದಿನ ಸಲ ಆ ದಾರಿಯಲ್ಲಿ ಹೋದಾಗ ಕಾಕಾನ ಕಟ್ಟೆಯ ಮೇಲೆ ಕೂತು ಸೆನ್ಸರಿಗೆ ಮೀಟರ್ ಹಚ್ಚಿದೆ. 870 ಓಂ ತೋರಿಸಿತು, ಅಂದರೆ ತಂತಿ ಕೂಡಿಕೊಂಡಿದೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕಾಕಿ ಚಹಾಕ್ಕೆ ಇಟ್ಟಿದ್ದ ಬಿಸಿನೀರಿನಲ್ಲಿ ಒಂದಷ್ಟನ್ನು ಲೋಟಕ್ಕೆ ಬಗ್ಗಿಸಿಕೊಂಡು ಮುಳುಗಿಸಿದೆ. ಮೂರು ನಿಮಿಷಕ್ಕೆ ಅಂಕಿ ಮಾಯವಾಯಿತು. ತೆಗೆದು ಕೊಡದ ನೀರಲ್ಲಿ ಇಟ್ಟೆ. 870 ಮತ್ತೆ ಬಂತು.

ಕಾಕಾ ಹತ್ತಿರ ಸರಿದು ಬಗ್ಗಿ ನೋಡಿದರು. ‘ಇನ್ನೊಮ್ಮಿ ಮುಳುಗಸು ತಮ್ಮಾ’ ಅಂದರು.