ಗಿಟ್ ಹುಡುಕಿದರೆ ಡಿಜಿಕ್ಯಾಮ್ ಏಕೆ ಬಂತು?

ಡೆಬಿಯನ್ ಅಥವಾ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ, ಆಜ್ಞೆಗಳನ್ನು ಟೈಪು ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ‘ಆಪ್ಟ್ ಸರ್ಚ್ ಗಿಟ್’ (apt search git) ಎಂದು ಕೊಟ್ಟು ನೋಡಿ. ಆಪ್ಟ್ ಎಂದರೆ ತಂತ್ರಾಂಶ ಹುಡುಕಿ ಹಾಕಿಕೊಡುವ ಸಾಧನ. ಬೇಕಾದದ್ದು ಒಂದೇ ಪ್ಯಾಕೇಜು (ಹಾಕಿಕೊಳ್ಳಲು ಕಟ್ಟಿಟ್ಟ ತಂತ್ರಾಂಶದ ಗಂಟು), ಸುರಿಯುವುದು ಪುಟಗಟ್ಟಲೆ. ಆ ರಾಶಿಯಲ್ಲಿ ಫೋಟೊ ಜೋಡಿಸಿಡುವ ಡಿಜಿಕ್ಯಾಮ್ ಕೂಡ ಇಣುಕುತ್ತದೆ. ಕೋಡಿನ ಹಳೆಯ ಆವೃತ್ತಿಗಳನ್ನು ಕಾಪಾಡುವ ಗಿಟ್‌ಗೂ ಫೋಟೊಗೂ ಎಲ್ಲಿಯ ನಂಟು? ಇಂಗ್ಲಿಷಿನಲ್ಲಿ ‘ಡಿಜಿಟಲ್’ ಎಂದು ಬರೆಯಿರಿ: ಜಿ, ಐ, ಟಿ ಒಂದರ ಪಕ್ಕ ಒಂದು ಕೂತಿವೆ. ಆಪ್ಟ್ ಪದ ನೋಡುವುದಿಲ್ಲ, ಅಕ್ಷರಗಳ ಸರಣಿ ನೋಡುತ್ತದೆ. ಅದೂ ಹೆಸರಿನಲ್ಲಷ್ಟೇ ಅಲ್ಲ, ವಿವರಣೆಯಲ್ಲೂ.

2023ರಲ್ಲಿ ಬಂದ ಡೆಬಿಯನ್ 12ರಲ್ಲಿ 64,419 ಪ್ಯಾಕೇಜುಗಳಿದ್ದವು. ಇಷ್ಟು ದೊಡ್ಡ ಉಗ್ರಾಣದಲ್ಲಿ ಸಿಕ್ಕಿದ್ದನ್ನೆಲ್ಲ ಅಕಾರಾದಿಯಾಗಿ ಜೋಡಿಸಿ ಕೊಡುವುದು ಹುಡುಕಿಕೊಟ್ಟಂತಲ್ಲ, ಹುಡುಕುವ ಕೆಲಸವನ್ನು ನಮಗೇ ವಾಪಸು ಒಪ್ಪಿಸಿದಂತೆ.

ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಿ ಆಪ್ಟ್‌ನ ಕೆಲಸ ಮಾಡುವ ಡಿಎನ್ಎಫ್ ಇದನ್ನು ಸ್ವಲ್ಪ ಯೋಚಿಸಿ ಮಾಡಿದೆ. ಹೆಸರು ತದ್ವತ್ ಹೊಂದಿದ್ದು ಮೊದಲು, ವಿವರಣೆಯಲ್ಲಷ್ಟೇ ಸಿಕ್ಕಿದ್ದು ಕೊನೆಗೆ. ಜಾಣತನವೇ, ಆದರೆ ಇದು ಕಾಗದದ ಜಾಣತನ. ಕಾಗದದಲ್ಲಿ ಮೇಲಿನ ಸಾಲಿಗೆ ಗೌರವ. ಟರ್ಮಿನಲ್‌ನಲ್ಲಿ ಮೊದಲು ಬಂದದ್ದು ಮೇಲಕ್ಕೆ ಓಡಿ ಮರೆಯಾಗುತ್ತದೆ, ಕೊನೆಯ ಸಾಲು ಕಣ್ಣೆದುರು ನಿಲ್ಲುತ್ತದೆ. ಆರ್ಚ್ ಲಿನಕ್ಸ್ ಬಳಕೆದಾರರ ‘ಯೇ’ ಎಂಬ ಸಾಧನ ಇದನ್ನು ಹಿಡಿದಿದೆ: ಪಟ್ಟಿಯನ್ನೇ ತಲೆಕೆಳಗು ಮಾಡಿ, ಹೆಚ್ಚು ಹೊಂದುವುದನ್ನು ಕೆಳಗೆ, ನಮ್ಮ ಕರ್ಸರಿನ ನೆತ್ತಿಯ ಮೇಲೆ ತಂದಿಡುತ್ತದೆ. ಮೊದಲ ಸಲ ವಿಚಿತ್ರ ಅನ್ನಿಸಿತ್ತು. ಈಗ ಮಿಕ್ಕವೇ ವಿಚಿತ್ರ ಅನ್ನಿಸುತ್ತವೆ.

ಇನ್ನೊಂದು ತೊಡಕಿದೆ. ಈ ಉತ್ತರವನ್ನು ಓದುವವರು ಮನುಷ್ಯರಷ್ಟೇ ಅಲ್ಲ. ಅದೇ ಸಾಲುಗಳನ್ನು ಪೈಪ್ ಮೂಲಕ, ಅಂದರೆ ಒಂದು ಪ್ರೋಗ್ರಾಮಿನ ಉತ್ತರವನ್ನು ನೇರ ಇನ್ನೊಂದಕ್ಕೆ ಹರಿಸುವ ಕೊಳವೆಯ ಮೂಲಕ, ಬೇಕಾದ ಪದವಿರುವ ಸಾಲುಗಳನ್ನು ಹೆಕ್ಕುವ ‘ಗ್ರೆಪ್’ಗೆ ಕೊಡುವವರಿದ್ದಾರೆ. ಹಳೆಯ ‘ಆಪ್ಟ್-ಕ್ಯಾಶ್’ ಒಂದು ಪ್ಯಾಕೇಜಿಗೆ ಒಂದು ಸಾಲು ಕೊಡುತ್ತದೆ: ಹೆಸರು, ಅಡ್ಡಗೆರೆ, ವಿವರಣೆ. ಗ್ರೆಪ್‌ಗೆ ಹಬ್ಬ. 2014ರಲ್ಲಿ ಬಂದ ‘ಆಪ್ಟ್’ ಎರಡು ಸಾಲು ಮಾಡಿತು: ಮೇಲೆ ಹಸಿರು ಬಣ್ಣದ ಹೆಸರು, ಆವೃತ್ತಿ; ಕೆಳಗೆ ಎರಡು ಜಾಗ ಒಳಸರಿದ ವಿವರಣೆ. ಕಣ್ಣಿಗೆ ಹಿತ. ಗ್ರೆಪ್‌ಗೆ ಮಾತ್ರ ರುಂಡ ಬೇರೆ, ಮುಂಡ ಬೇರೆ. ಅದಕ್ಕೇ ಪೈಪಿಗೆ ಹಾಕಿದೊಡನೆ, ‘ನನ್ನ ಈ ರೂಪ ಹೀಗೇ ಇರುತ್ತದೆಂದು ನಂಬಬೇಡಿ’ ಎಂಬರ್ಥದ ಎಚ್ಚರಿಕೆಯನ್ನು ಆಪ್ಟ್ ಕೊಡುತ್ತದೆ. ಎದುರಿಗಿರುವುದು ಪರದೆಯೋ ಪೈಪೋ ಎಂದು ಪ್ರೋಗ್ರಾಮು ಕಾರ್ಯಾಚರಣ ವ್ಯವಸ್ಥೆಯನ್ನೇ ಕೇಳಿ ತಿಳಿಯಬಹುದು. ಪೈಪಾಗಿದ್ದರೆ ಬಣ್ಣ ಹಚ್ಚಬಾರದು, ಏಕೆಂದರೆ ಬಣ್ಣವೂ ಅಕ್ಷರಗಳ ಸಂಕೇತವೇ. ಕಡತಕ್ಕೆ ಬಿದ್ದರೆ ಚೌಕಾವರಣ, ಅಂಕಿಗಳ ಕಸವಾಗಿ ಕಾಣುತ್ತದೆ.

ಹಾಗಾದರೆ ಅಚ್ಚುಕಟ್ಟಾಗಿ ಕಂಬಸಾಲು ಮಾಡಿಬಿಡಬಹುದಲ್ಲ? ಇಂಗ್ಲಿಷಿಗಾದರೆ ಸರಿ. ಟರ್ಮಿನಲ್ ಸಮಾನ ಅಗಲದ ಚೌಕಗಳ ಜಾಲ. ‘ಐ’ಗೂ ‘ಡಬ್ಲ್ಯು’ಗೂ ಒಂದೊಂದೇ ಚೌಕ. ನಮ್ಮ ‘ಕ್ಷ’ ನೋಡಿ: ಕ, ಹಲಂತ, ಷ ಎಂದು ಮೂರು ಯೂನಿಕೋಡ್ ಸಂಕೇತ, ಆ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 9 ಬೈಟು, ಕಣ್ಣಿಗೆ ಒಂದೇ ಅಕ್ಷರ. ಪ್ರೋಗ್ರಾಮು ಬೈಟು ಎಣಿಸಿ ಖಾಲಿ ಜಾಗ ತುಂಬಿದರೆ ಒಂದು ಲೆಕ್ಕ, ಸಂಕೇತ ಎಣಿಸಿದರೆ ಇನ್ನೊಂದು, ಫಾಂಟು ಬರೆಯುವ ಅಗಲ ಮತ್ತೊಂದು. ಕಂಬಗಳು ಸೊಟ್ಟಗಾಗುತ್ತವೆ. ವಿವರಣೆಯನ್ನು ಕೆಳಗಿನ ಸಾಲಿಗೆ ಇಳಿಸಿ ಎರಡು ಜಾಗ ಒಳಸರಿಸುವ ಆಪ್ಟ್‌ನ ಕ್ರಮದಲ್ಲಿ ಅಗಲ ಎಣಿಸುವ ಪ್ರಮೇಯವೇ ಬರುವುದಿಲ್ಲ.