ಸೈಕ್ಸ್: ಸಣ್ಣ ಹಳ್ಳದಿಂದ ಹೊರಟ ಅಡ್ಡಹೆಸರು

ಇಂಗ್ಲೆಂಡಿನ ಯಾರ್ಕ್‌ಶೈರ್‌ಗೆ ಪಶ್ಚಿಮದಲ್ಲಿ ಪೆನೈನ್ ಗುಡ್ಡಗಳ ಸಾಲಿದೆ. ಮರಗಳಿಲ್ಲದ ಬೋಳು ಗುಡ್ಡಗಳು. ಮೇಲೆಲ್ಲ ಒದ್ದೆ ಹುಲ್ಲು, ಕಾಲಿಟ್ಟರೆ ಹೂತುಹೋಗುವ ಕಪ್ಪು ಜೌಗು ಮಣ್ಣು. ಮಳೆ ಬಂದಾಗ ಆ ಹುಲ್ಲಿನ ನಡುವೆ ಗೀಟು ಎಳೆದ ಹಾಗೆ ನೀರು ಇಳಿಯುತ್ತದೆ. ದೊಡ್ಡವರು ಒಂದೇ ಹೆಜ್ಜೆಗೆ ದಾಟಿಬಿಡಬಹುದು, ಅಷ್ಟೇ ಅಗಲ. ಮಳೆ ನಿಂತು ಸ್ವಲ್ಪ ದಿನವಾದರೆ ಬರೀ ಕೊರಕಲು ಉಳಿಯುತ್ತದೆ. ಇದನ್ನು ಅಲ್ಲಿನವರು ‘ಸೈಕ್’ ಅನ್ನುತ್ತಾರೆ.

ತುಂಬಾ ಹಳೆಯ ಪದ ಇದು. ಹಳೆಯ ಇಂಗ್ಲಿಷಿನಲ್ಲೂ ಇತ್ತು, ವೈಕಿಂಗರ ನಾರ್ಸ್ ಭಾಷೆಯಲ್ಲೂ ಇತ್ತು. ಅರ್ಥ ಸಣ್ಣ ಹಳ್ಳ, ನೀರು ಹರಿಯುವ ಕಾಲುವೆ. ಹೊಲಕ್ಕೂ ಹೊಲಕ್ಕೂ ನಡುವೆ, ಊರಿಗೂ ಊರಿಗೂ ನಡುವೆ ಇಂಥ ಹಳ್ಳವೇ ಎಷ್ಟೋ ಕಡೆ ಗಡಿ. ಈ ಪದದಿಂದಲೇ ‘ಸೈಕ್ಸ್’ ಎಂಬ ಅಡ್ಡಹೆಸರು ಬಂತು. ನಮ್ಮ ಉತ್ತರ ಕರ್ನಾಟಕದಲ್ಲಿ ‘ಹಳ್ಳದ’ ಎಂಬ ಅಡ್ಡಹೆಸರಿನವರು ಇದ್ದಾರಲ್ವಾ, ಹೆಚ್ಚುಕಡಿಮೆ ಅದೇ ಅರ್ಥ.

ಇಂಗ್ಲೆಂಡಿನಲ್ಲಿ ಇಂಥ ಹೆಸರುಗಳಿಗೆ ಲೆಕ್ಕವಿಲ್ಲ. ಆದರೂ ನಾನು ಸೈಕ್ಸ್ ಹೆಸರನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಹೆಸರಿನ ಜಾಡನ್ನು ರಕ್ತದಲ್ಲಿ ಹುಡುಕಿದ ಮೊದಮೊದಲ ಪ್ರಯತ್ನ ನಡೆದದ್ದು ಈ ಹೆಸರಿನ ಮೇಲೆ. ಅಲ್ಲಿ ಸಿಕ್ಕ ಉತ್ತರ ಹಳೆಯ ಕಾಗದಪತ್ರ ಹೇಳುತ್ತಿದ್ದುದಕ್ಕಿಂತ ಬೇರೆಯೇ ಆಗಿತ್ತು.

ಮೊದಲು ಕಾಗದಪತ್ರದ ಕಥೆ ನೋಡೋಣ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅಲ್ಲಿಯವರೆಗೆ ಸಾಮಾನ್ಯ ಜನರಿಗೆ ಒಂದೇ ಹೆಸರು. ನಾರ್ಮನ್ನರು ಬಂದ ಮೇಲೆ ಹಳೆಯ ಹೆಸರುಗಳು ಹಿಂದೆ ಸರಿದು ಜಾನ್, ವಿಲಿಯಂ, ರಾಬರ್ಟ್, ರಿಚರ್ಡ್, ಥಾಮಸ್ ಎಂಬ ಕೆಲವೇ ಹೆಸರುಗಳು ಎಲ್ಲ ಕಡೆ ತುಂಬಿಕೊಂಡವು. 14ನೇ ಶತಮಾನದ ಹೊತ್ತಿಗೆ ಗಂಡಸರಲ್ಲಿ ಸುಮಾರು ಮೂವರಿಗೊಬ್ಬ ಜಾನ್. ಒಂದೇ ಊರಲ್ಲಿ ಹತ್ತು ಜಾನ್‌ಗಳಿದ್ದರೆ ಯಾರಿಂದ ಕಂದಾಯ ಬಂತು, ಯಾರಿಂದ ಬರಬೇಕು ಅಂತ ಬರೆದಿಡುವುದು ಹೇಗೆ? ಅದಕ್ಕೇ ಹೆಸರಿನ ಮುಂದೆ ಇನ್ನೊಂದು ಗುರುತು ಸೇರಿತು. ಕಬ್ಬಿಣ ಬಡಿಯುವ ಜಾನ್, ಸ್ಮಿತ್ ಆದ. ಗುಡ್ಡದ ಮೇಲಿನ ಜಾನ್, ಹಿಲ್ ಆದ. ಹಳ್ಳದ ಪಕ್ಕದ ಜಾನ್, ಸೈಕ್ಸ್ ಆದ.

ಶುರುವಿನಲ್ಲಿ ಇದು ಆ ಮನುಷ್ಯನ ಗುರುತು ಅಷ್ಟೇ. ಮಗ ಹಳ್ಳ ಬಿಟ್ಟು ಬೇರೆ ಕಡೆ ಮನೆ ಕಟ್ಟಿದರೆ ಹೆಸರೂ ಬದಲಾಗುತ್ತಿತ್ತು. ಬರಬರುತ್ತಾ ಅದು ಅಂಟಿಕೊಂಡಿತು. ಅದಕ್ಕೆ ದೊಡ್ಡ ಕಾರಣ ಜಮೀನು ಅಂತ ನನಗನ್ನಿಸುತ್ತದೆ. ರೈತ ಸತ್ತ ಮೇಲೆ ಅದೇ ಹೊಲದ ಉಳುಮೆ ಮಗನಿಗೆ ಬರಬೇಕಾದರೆ, ಜಮೀನ್ದಾರನ ನ್ಯಾಯಸಭೆಯ ದಾಖಲೆಯಲ್ಲಿ ಇವನು ಇಂಥವನ ಮಗ ಅಂತ ಕಾಣಬೇಕಿತ್ತು. ಅಪ್ಪನ ಹೆಸರೇ ಮಗನಿಗೂ ಇದ್ದರೆ ಕೆಲಸ ಸುಲಭ. ಇಂಗ್ಲೆಂಡಿನ ದಕ್ಷಿಣದಲ್ಲಿ ಇದು ಬೇಗ ಆಯಿತು, ಉತ್ತರದಲ್ಲಿ ನಿಧಾನ. 1400ರ ಸುಮಾರಿಗೆ ಬಹುತೇಕ ಮನೆತನಗಳಿಗೆ ಹೆಸರು ಗಟ್ಟಿಯಾಗಿತ್ತು.

ಈ ಬದಲಾವಣೆ ನಡೆಯುತ್ತಿದ್ದಾಗಲೇ ಹಿಡಿದಿಟ್ಟ ಚಿತ್ರದ ಹಾಗಿರುವ ಒಂದು ದಾಖಲೆ ಇದೆ. 1379ರಲ್ಲಿ ಫ್ರಾನ್ಸ್ ಜೊತೆಗಿನ ಯುದ್ಧದ ಖರ್ಚಿಗೆ ರಾಜ ತಲೆಗಂದಾಯ ಹಾಕಿದ. 16 ವರ್ಷ ದಾಟಿದವರು ಕೊಡಬೇಕು, ಮದುವೆಯಾದವರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಸೇರಿ ಒಂದೇ ಕಂದಾಯ, ಬಡವರಿಗೆ ನಾಲ್ಕು ಪೆನ್ನಿ. ಎಷ್ಟೋ ಜಿಲ್ಲೆಗಳ ಪಟ್ಟಿ ಕಳೆದುಹೋಗಿದೆ. ಆದರೆ ಯಾರ್ಕ್‌ಶೈರಿನ ಪಶ್ಚಿಮ ಭಾಗವಾದ ವೆಸ್ಟ್ ರೈಡಿಂಗ್‌ನ ಪಟ್ಟಿ ಚೆನ್ನಾಗಿ ಉಳಿದಿದೆ. ಊರೂರಿನ ಹೆಸರು, ಅದರ ಕೆಳಗೆ ಜನರ ಹೆಸರು, ಕೊಟ್ಟ ಕಾಸು. ಆಮೇಲೆ 1538ರಲ್ಲಿ ಪ್ರತಿ ಚರ್ಚೂ ನಾಮಕರಣ, ಮದುವೆ, ಸಾವುಗಳನ್ನು ಪುಸ್ತಕದಲ್ಲಿ ಬರೆಯಬೇಕು ಅಂತ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಹೊರಡಿಸಿದರು. ಅಲ್ಲಿಂದ ಮುಂದೆ ಹೆಸರಿನ ಬೆನ್ನು ಹತ್ತುವುದು ಸುಲಭವಾಯಿತು.

ವೆಸ್ಟ್ ರೈಡಿಂಗ್‌ನಲ್ಲಿ ಹೆಸರಿಗೂ ನೆಲಕ್ಕೂ ನಂಟು ಜಾಸ್ತಿ. ಮರ ಕಡಿದು ಬಯಲು ಮಾಡಿದ ಜಾಗಕ್ಕೆ ಅಲ್ಲಿ ‘ರಾಯ್ಡ್’ ಅನ್ನುತ್ತಿದ್ದರು. ಮರ್ಗಟ್ರಾಯ್ಡ್, ಹೋಲ್ಡ್ರಾಯ್ಡ್ ಎಂಬ ಹೆಸರುಗಳು ಹುಟ್ಟಿದ್ದು ಅದರಿಂದ. ಕಸುಬಿನ ಹೆಸರೂ ಹಾಗೇ. ಉಣ್ಣೆಬಟ್ಟೆ ನೇಯ್ದ ಮೇಲೆ ಅದನ್ನು ತೊಟ್ಟಿಯಲ್ಲಿ ನೆನೆಹಾಕಿ, ಮೇಲೆ ಹತ್ತಿ ಕಾಲಿಂದ ತುಳಿದು ತುಳಿದು ಗಟ್ಟಿ ಮಾಡಬೇಕಿತ್ತು. ಬಟ್ಟೆಯ ಮೇಲೆ ನಡೆಯುವವನು ವಾಕರ್. ಇಂಗ್ಲೆಂಡಿನ ಬೇರೆ ಕಡೆ ಇದೇ ಕೆಲಸದವನಿಗೆ ಫುಲ್ಲರ್, ಟಕರ್ ಎಂಬ ಹೆಸರುಗಳು ಬಂದವು.

ಸೈಕ್ಸ್ ಹೆಸರಿನ ಬೀಡು ಹಡರ್ಸ್‌ಫೀಲ್ಡ್ ಊರು ಮತ್ತು ಅದರ ಪಶ್ಚಿಮಕ್ಕಿರುವ ಕೋಲ್ನ್ ಕಣಿವೆ. ಗೋಲ್ಕರ್, ಲಿಂತ್‌ವೇಟ್, ಸ್ಲೇತ್‌ವೇಟ್, ಮಾರ್ಸ್‌ಡೆನ್ ಎಂಬ ಊರುಗಳು ನದಿಯ ಜಾಡಿನಲ್ಲೇ ಒಂದರ ಹಿಂದೆ ಒಂದು ಬರುತ್ತವೆ. ಇಲ್ಲಿನ ಹಳೆಯ ಮನೆಗಳನ್ನು ನೋಡಿದರೆ ಮಹಡಿಯಲ್ಲಿ ಸಾಲಾಗಿ ಏಳೆಂಟು ಕಿಟಕಿಗಳು. ಮಗ್ಗಕ್ಕೆ ಬೆಳಕು ಬೇಕಲ್ಲ, ಅದಕ್ಕೆ. ಕೆಳಗೆ ಸಂಸಾರ, ಮೇಲೆ ಮಗ್ಗ, ಹಿಂದೆ ಒಂದಿಷ್ಟು ಹೊಲ, ಒಂದೆರಡು ಹಸು. ಇಂಥ ಬದುಕು ಇದ್ದವರು ದೂರ ಹೋಗುವ ಅಗತ್ಯ ಕಡಿಮೆ. ಮಗ ಅಪ್ಪನ ಮಗ್ಗವನ್ನೇ ಹಿಡಿದ. ಹೆಣ್ಣು ಪಕ್ಕದ ಕಣಿವೆಯಿಂದಲೇ ಬಂತು. ಹೀಗೆ ಐದಾರು ನೂರು ವರ್ಷ ಹೆಸರು ಆ ಗುಡ್ಡಗಳಲ್ಲೇ ಬೆಳೆಯಿತು.

1881ರ ಜನಗಣತಿಯ ಹೆಸರುಗಳನ್ನು ನಕ್ಷೆಯ ಮೇಲೆ ಇಟ್ಟವರಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅದರ ಪಕ್ಕಕ್ಕೆ 1998ರ ಮತದಾರರ ಪಟ್ಟಿಯ ನಕ್ಷೆಯನ್ನೂ ಇಟ್ಟರು. ನಡುವೆ 117 ವರ್ಷ. ರೈಲು, ಕಾರು, ಎರಡು ಮಹಾಯುದ್ಧ, ಗಿರಣಿಗಳು ಮುಚ್ಚಿದ್ದು, ಎಲ್ಲ ಆಗಿಹೋಗಿದೆ. ಆದರೂ ಸೈಕ್ಸ್ ಹೆಸರು ದಟ್ಟವಾಗಿ ಕಾಣುವುದು ಹಡರ್ಸ್‌ಫೀಲ್ಡ್ ಸುತ್ತಲೇ. ಬಣ್ಣ ಸ್ವಲ್ಪ ಹರಡಿದೆ, ಆದರೆ ನಡುಬಿಂದು ಕದಲಿಲ್ಲ. ನನಗೆ ಇದು ಬಹಳ ದೊಡ್ಡ ಸಂಗತಿ ಅನ್ನಿಸುತ್ತದೆ.

ಹೊರಗೆ ಹೋದವರೂ ಇದ್ದಾರೆ. 1811ರಲ್ಲಿ ಹಡರ್ಸ್‌ಫೀಲ್ಡ್‌ನಿಂದ ಗುಡ್ಡದ ಹೊಟ್ಟೆಯನ್ನೇ ಕೊರೆದು ಲ್ಯಾಂಕಶೈರ್ ಕಡೆಯ ಆಷ್ಟನ್‌ವರೆಗೆ ದೋಣಿ ಕಾಲುವೆ ಪೂರ್ತಿಯಾಯಿತು. ಮಾರ್ಸ್‌ಡೆನ್ ಬಳಿಯ ಅದರ ಸುರಂಗ 5 ಕಿಲೋಮೀಟರಿಗೂ ಉದ್ದ. ಆಮೇಲೆ ರೈಲು ಬಂತು. ಗುಡ್ಡದ ಆಚೆ ಓಲ್ಡಮ್‌ನಲ್ಲಿ ಹತ್ತಿ ಗಿರಣಿಗಳು ಕೈಬೀಸಿ ಕರೆಯುತ್ತಿದ್ದವು. ಬ್ರಿಟನ್ನಿನ ಹೆಸರಾಂತ ಹಾಸ್ಯನಟ ಎರಿಕ್ ಸೈಕ್ಸ್ 1923ರಲ್ಲಿ ಹುಟ್ಟಿದ್ದು ಓಲ್ಡಮ್‌ನಲ್ಲೇ. ಯಾರ್ಕ್‌ಶೈರಿನ ಪೂರ್ವಕ್ಕೆ ಇನ್ನೊಂದು ಮನೆತನ ಬೆಳೆಯಿತು. ಹಲ್ ಬಂದರಿನಲ್ಲಿ ವ್ಯಾಪಾರ ಮಾಡಿ, ಸ್ಲೆಡ್‌ಮಿಯರ್‌ನಲ್ಲಿ ಬಂಗಲೆ ಕಟ್ಟಿ, ಸರ್ ಪದವಿ ಪಡೆದ ಸೈಕ್ಸ್‌ಗಳು. ಅವರ ಲಾಂಛನದಲ್ಲಿ ಬಿಳಿ ನೀಲಿ ಅಲೆಗಳ ಮೂರು ದುಂಡು ಚಿಹ್ನೆಗಳಿವೆ. ನೀರಿನ ಆ ಚಿಹ್ನೆಗೆ ಲಾಂಛನದ ಭಾಷೆಯಲ್ಲಿ ‘ಸೈಕ್’ ಅಂತಲೇ ಹೆಸರು. 1916ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಅರಬ್ ನಾಡುಗಳನ್ನು ನಕ್ಷೆಯ ಮೇಲೆ ಹಂಚಿಕೊಂಡ ಸೈಕ್ಸ್–ಪಿಕೊ ಒಪ್ಪಂದದ ಮಾರ್ಕ್ ಸೈಕ್ಸ್ ಈ ಮನೆಯವರು.

ಅಮೆರಿಕಕ್ಕೆ ಹೋದ ಹೆಸರಿನ ಕಥೆಯಲ್ಲಿ ನೋವಿದೆ. ಗುಲಾಮಗಿರಿಯ ಕಾಲದಲ್ಲೂ ಅದು ಮುಗಿದ ಮೇಲೂ ಎಷ್ಟೋ ಕಪ್ಪು ಜನರಿಗೆ ತಮ್ಮನ್ನು ಕೊಂಡವರ ಅಡ್ಡಹೆಸರೇ ಉಳಿಯಿತು. ಅಲ್ಲಿನ ಕಪ್ಪು ಕುಟುಂಬಗಳಲ್ಲಿ ಸೈಕ್ಸ್ ಇವತ್ತಿಗೂ ಪರಿಚಿತ ಹೆಸರು. ಬ್ಲೂಸ್ ಪಿಯಾನೋ ನುಡಿಸುತ್ತಿದ್ದ ರೂಸ್‌ವೆಲ್ಟ್ ಸೈಕ್ಸ್ ಅರ್ಕಾನ್ಸಾದವರು.

ನಮ್ಮ ಕಡೆಗೂ ಒಬ್ಬರು ಬಂದಿದ್ದರು. ವಿಲಿಯಂ ಹೆನ್ರಿ ಸೈಕ್ಸ್, 1790ರಲ್ಲಿ ಬ್ರಾಡ್‌ಫರ್ಡ್ ಹತ್ತಿರ ಹುಟ್ಟಿದವರು. ಹಡರ್ಸ್‌ಫೀಲ್ಡ್‌ನಿಂದ ಅಲ್ಲಿಗೆ 15–20 ಕಿಲೋಮೀಟರ್ ಅಷ್ಟೇ. ಈಸ್ಟ್ ಇಂಡಿಯಾ ಕಂಪನಿಯ ಬಾಂಬೆ ಸೈನ್ಯ ಸೇರಿದರು. 1824ರಲ್ಲಿ ಅವರಿಗೆ ದಖ್ಖನ್ನಿನ ಅಂಕಿಅಂಶ ಸಂಗ್ರಹಿಸುವ ಕೆಲಸ ಬಂತು. ಊರು, ಜನ, ಬೆಳೆ, ಕಂದಾಯ, ಹವೆ, ಎಲ್ಲವನ್ನೂ ಎಣಿಸಿ ಬರೆದರು. ಧಾರವಾಡ ಸೇರಿ ನಾಲ್ಕು ಜಿಲ್ಲೆಗಳ ಅಂಕಿಅಂಶದ ವರದಿ ಅವರದ್ದು. ಜೊತೆಜೊತೆಗೆ ಪ್ರಾಣಿ, ಹಕ್ಕಿಗಳನ್ನೂ ಬರೆದಿಟ್ಟರು. ನಾಗರಹೊಳೆ, ಬಂಡೀಪುರದಲ್ಲಿ ನಾವು ನೋಡುವ ಸೀಳುನಾಯಿಗೆ 1831ರಲ್ಲಿ ‘ದುಖುನೆನ್ಸಿಸ್’ ಅಂತ, ಅಂದರೆ ದಖ್ಖನ್ನಿನದು ಅಂತ ಹೆಸರಿಟ್ಟದ್ದು ಅವರೇ. ದಖ್ಖನ್ನಿನ ಒಣ ಬಯಲಿನಲ್ಲಿ ತಲೆಯ ಮೇಲೆ ಪುಟ್ಟ ಜುಟ್ಟಿರುವ, ಮಣ್ಣಿನ ಬಣ್ಣದ ಲಾರ್ಕ್ ಹಕ್ಕಿ ಒಂದಿದೆ. ಹಕ್ಕಿ ನೋಡುವವರು ಅದಕ್ಕೆ ಈಗಲೂ ಸೈಕ್ಸ್ ಲಾರ್ಕ್ ಅನ್ನುತ್ತಾರೆ. ಪೆನೈನ್ ಗುಡ್ಡದ ಹಳ್ಳದ ಹೆಸರು ನಮ್ಮ ಹಕ್ಕಿಯ ಮೇಲೆ ಕೂತಿದ್ದು ಹೀಗೆ.

ಈಗ ರಕ್ತದ ಕಥೆ. ಸೈಕ್ ಅಂದರೆ ಸಾಮಾನ್ಯ ಪದ. ಅಂಥ ಹಳ್ಳಗಳು ಸಾವಿರಾರು. ಹಾಗಾಗಿ ಈ ಹೆಸರು ಬೇರೆ ಬೇರೆ ಕಡೆ, ಬೇರೆ ಬೇರೆ ಜನರಿಗೆ ಬಂದಿರಬೇಕು ಅಂತಲೇ ಎಲ್ಲರೂ ತಿಳಿದಿದ್ದರು. ಆಕ್ಸ್‌ಫರ್ಡ್‌ನಲ್ಲಿ ಬ್ರಯನ್ ಸೈಕ್ಸ್ ಎಂಬ ತಳಿವಿಜ್ಞಾನಿ ಇದ್ದರು. ಗ್ಲಾಕ್ಸೊ ಔಷಧಿ ಕಂಪನಿಯ ಆಗಿನ ಮುಖ್ಯಸ್ಥರ ಹೆಸರು ರಿಚರ್ಡ್ ಸೈಕ್ಸ್, ಅವರು ಹಡರ್ಸ್‌ಫೀಲ್ಡ್ ಕಡೆಯವರು. ನೀವಿಬ್ಬರೂ ನೆಂಟರಾ ಅಂತ ಜನ ಕೇಳಿದಾಗ ಬ್ರಯನ್ ಅದನ್ನು ಸುಮ್ನೆ ಬಿಡಲಿಲ್ಲ. ಇಬ್ಬರ ವೈ ಕ್ರೋಮೋಸೋಮ್, ಅಂದರೆ ಗಂಡಸರ ಜೀವಕೋಶದಲ್ಲಿ ಮಾತ್ರ ಇರುವ ವಂಶತಂತು, ಅದರ ಪರೀಕ್ಷೆ ಮಾಡಿದರು. ಎರಡೂ ಹೊಂದಿಕೊಂಡವು.

ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ ಮಾತ್ರ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರು ಹೋಗುವುದೂ ಹಾಗೇ. ಅಂದರೆ ಎರಡೂ ಒಂದೇ ದಾರಿಯಲ್ಲಿ ನಡೆಯಬೇಕು. ಇದನ್ನು ಗಟ್ಟಿ ಮಾಡಿಕೊಳ್ಳಲು ಬ್ರಯನ್ ಮತ್ತು ಅವರ ಜೊತೆಗಾರ್ತಿ ಕ್ಯಾಥರೀನ್ ಇರ್ವೆನ್ ಸೈಕ್ಸ್ ಹೆಸರಿನ ಗಂಡಸರನ್ನು ಗೊತ್ತುಗುರಿ ಇಲ್ಲದೆ ಆರಿಸಿ ಮಾದರಿ ಪಡೆದರು. ಒಟ್ಟು 48 ಜನ. ಪ್ರತಿಯೊಬ್ಬರ ವೈ ಕ್ರೋಮೋಸೋಮ್‌ನಲ್ಲಿ ನಾಲ್ಕು ಜಾಗ ಗುರುತಿಸಿ, ಅಲ್ಲಿ ಒಂದೇ ತುಣುಕು ಎಷ್ಟು ಸಲ ಮರುಕಳಿಸಿದೆ ಅಂತ ಎಣಿಸಿದರು. ಒಬ್ಬರಿಗೆ ನಾಲ್ಕು ಸಂಖ್ಯೆ. 48ರಲ್ಲಿ 21 ಜನಕ್ಕೆ ನಾಲ್ಕೂ ಸಂಖ್ಯೆ ಒಂದೇ ಬಂತು. ಅದೇ ಪ್ರದೇಶದ ಬೇರೆ ಹೆಸರಿನವರನ್ನು ಪರೀಕ್ಷಿಸಿದರೆ ಆ ಜೋಡಣೆ ಒಬ್ಬರಲ್ಲೂ ಇಲ್ಲ. 2000ದಲ್ಲಿ ಇದು ಪ್ರಕಟವಾಯಿತು. ಇಂದಿನ ಸೈಕ್ಸ್‌ಗಳ ಮೂಲಪುರುಷ ಒಬ್ಬನೇ, ಸುಮಾರು 700 ವರ್ಷದ ಹಿಂದಿನವನು ಅನ್ನುವುದು ಅವರ ತೀರ್ಮಾನ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ರಕ್ತ ಜಾಸ್ತಿ ಕಂಡಿತು ಅಂದ ಮಾತ್ರಕ್ಕೆ ಶುರುವಿನಲ್ಲಿ ಒಬ್ಬನೇ ಇದ್ದ ಅಂತ ಹೇಳಲಾಗದು. ಅಡ್ಡಹೆಸರುಗಳು ಸಾಯುತ್ತವೆ. ಬರೀ ಹೆಣ್ಣುಮಕ್ಕಳಿದ್ದ ಮನೆಯಲ್ಲಿ, ಮಕ್ಕಳೇ ಇಲ್ಲದ ಮನೆಯಲ್ಲಿ, ಪ್ಲೇಗ್ ಹೊಕ್ಕ ಮನೆಯಲ್ಲಿ ಹೆಸರು ಅಲ್ಲಿಗೇ ನಿಲ್ಲುತ್ತದೆ. ಈ ಸಾವಿನ ಲೆಕ್ಕವನ್ನು 1874ರಷ್ಟು ಹಿಂದೆಯೇ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಮತ್ತು ಗಣಿತಜ್ಞ ಹೆನ್ರಿ ವಾಟ್ಸನ್ ಮಾಡಿಟ್ಟಿದ್ದರು. ಹತ್ತು ಹಳ್ಳದ ಪಕ್ಕ ಹತ್ತು ಸೈಕ್ಸ್‌ಗಳು ಇದ್ದಿರಬಹುದು. ಒಂಬತ್ತು ಮನೆಯ ದೀಪ ಆರಿ, ಒಂದು ಮನೆಯಲ್ಲಿ ಮಾತ್ರ ತಲೆತಲಾಂತರ ಗಂಡುಮಕ್ಕಳು ಬದುಕಿ ಉಳಿದಿರಬಹುದು. ಲೆಸ್ಟರ್ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳಾದ ಟುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಅಡ್ಡಹೆಸರುಗಳ 1678 ಗಂಡಸರನ್ನು ಪರೀಕ್ಷಿಸಿದರು. ಅಪರೂಪದ ಹೆಸರಿನವರಲ್ಲಿ ಒಂದೇ ರಕ್ತ ಗಟ್ಟಿಯಾಗಿ ಕಂಡಿತು. ಸ್ಮಿತ್‌ನಂಥ ಹೆಸರಿನಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಮ್ಮಾರ ಪ್ರತಿ ಊರಲ್ಲೂ ಇದ್ದನಲ್ಲ. ಒಂದೇ ರಕ್ತ ಉಳಿಯುವುದರಲ್ಲಿ ಮೂಲಪುರುಷನಷ್ಟೇ ಪಾಲು ಅದೃಷ್ಟಕ್ಕೂ ಇದೆ ಅಂತ ಅವರು ತೋರಿಸಿದರು. ನನಗೂ ಇದೇ ಸರಿ ಅನ್ನಿಸುತ್ತದೆ.

ಉಳಿದ 27 ಜನರ ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಅವರ ಸಂಖ್ಯೆಗಳು ಹೊಂದಲಿಲ್ಲ. ಮೂಲಪುರುಷ ಒಬ್ಬನೇ ಆಗಿದ್ದರೆ, ಪ್ರತಿ ತಲೆಮಾರಿನಲ್ಲಿ ಸರಾಸರಿ ನೂರಕ್ಕೆ 1.3ರಷ್ಟು ಮಕ್ಕಳ ವಿಷಯದಲ್ಲಿ ಹೆಸರು ಮತ್ತು ರಕ್ತ ಬೇರೆ ದಾರಿ ಹಿಡಿದಿರಬೇಕು ಅಂತ 2000ದ ಲೇಖನ ಲೆಕ್ಕ ಹಾಕಿತು. ಇದನ್ನು ಓದಿದ ಕೂಡಲೇ ಜನ ಹೆಂಡತಿಯ ನಡತೆಯ ಬಗ್ಗೆ ಮಾತಾಡಲು ಶುರುಮಾಡುತ್ತಾರೆ. ಅದು ತಪ್ಪು. ಗಂಡ ಸತ್ತ ಹೆಣ್ಣು ಸೈಕ್ಸ್ ಮನೆಗೆ ಎರಡನೇ ಮದುವೆಯಾಗಿ ಬಂದಾಗ ಕಂಕುಳಲ್ಲಿದ್ದ ಕೂಸು ಮಲತಂದೆಯ ಹೆಸರು ಪಡೆದಿರಬಹುದು. ಮದುವೆಯಾಗದೆ ಹೆತ್ತ ಸೈಕ್ಸ್ ಮನೆಯ ಮಗಳು ತನ್ನ ಹೆಸರನ್ನೇ ಮಗನಿಗೆ ಕೊಟ್ಟಿರಬಹುದು. ಆ ಹುಡುಗನ ಮೈಯಲ್ಲಿ ಸೈಕ್ಸ್ ರಕ್ತವೇ ಇದೆ, ತಾಯಿಯ ಕಡೆಯಿಂದ. ವೈ ಕ್ರೋಮೋಸೋಮ್ ಮಾತ್ರ ಅದನ್ನು ನೋಡಲಾರದು. ಅನಾಥ ಮಗುವನ್ನು ಸಾಕಿದ ನೇಕಾರ ತನ್ನ ಮಗ್ಗದ ಜೊತೆ ತನ್ನ ಹೆಸರನ್ನೂ ಕೊಟ್ಟಿರಬಹುದು. ಅಥವಾ ಅವರ ಹಿರಿಯನ ಮನೆ ಬೇರೆಯೇ ಒಂದು ಹಳ್ಳದ ಪಕ್ಕ ಇದ್ದಿರಬಹುದು.